ಇಳಿಜಾರಿನಲ್ಲಿ ಮುಂದಿನ ಬ್ರೇಕ್: ರಾಜಹಂಸಗಡದ ರಸ್ತೆಯಲ್ಲಿ ಹುಟ್ಟಿದ ಒಂದು ಗೊಂದಲ, ಅದರ ಲೆಕ್ಕ

ಬೆಳಗಾವಿಯಿಂದ ಯಳ್ಳೂರಿನ ರಾಜಹಂಸಗಡಕ್ಕೆ ಸೈಕಲ್ ಮೇಲೆ ಹೋಗಿ ಬರುವುದನ್ನು ನಾನು ಈಚೆಗೆ ಆರಂಭಿಸಿದ್ದೇನೆ. ಹತ್ತುವಾಗ ಉಸಿರಿನದೊಂದೇ ಚಿಂತೆ. ಇಳಿಯುವಾಗ ಮಾತ್ರ, ಮುಂದಿನ ಬ್ರೇಕ್ ಮುಟ್ಟಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೇವೆ ಎಂಬ ಬಾಲ್ಯದ ಎಚ್ಚರಿಕೆಯನ್ನು ನೆನೆದು, ಹಿಂದಿನ ಬ್ರೇಕ್ ಒಂದನ್ನೇ ಬಿಗಿಯಾಗಿ ಹಿಡಿದು ಬರುತ್ತಿದ್ದೆ. ಕಳೆದ ವಾರ ಒಂದು ತಿರುವಿಗೆ ಮೊದಲು ಹಿಂದಿನ ಗಾಲಿ ಸುತ್ತುವುದನ್ನು ನಿಲ್ಲಿಸಿ ಡಾಂಬರಿನ ಮೇಲೆ ಜಾರತೊಡಗಿತು. ಸೈಕಲ್ ನಿಂತದ್ದು ತಿರುವು ದಾಟಿ, ರಸ್ತೆಯ ಬದಿಯ ಹುಲ್ಲಿನಲ್ಲಿ. ಬ್ರೇಕ್ ಕೆಟ್ಟಿರಬೇಕೆಂದು ದುರಸ್ತಿ ಅಂಗಡಿಗೆ ಒಯ್ದಾಗ ಅಲ್ಲಿದ್ದ ಹಿರಿಯರು ಗಾಲಿ ತಿರುಗಿಸಿ ನೋಡಿ, "ತಮ್ಮಾ, ಬ್ರೇಕ್ ಚಲೋ ಐತಿ. ಹಿಂದಿಂದ ಒಂದ ಹಿಡದ್ರ ಗಾಡಿ ಜಾರತೈತಿ, ನಿಂದ್ರಂಗಿಲ್ಲ" ಎಂದರು. ಆ ಮಾತು ಏಕೆ ನಿಜ ಎಂಬುದನ್ನು ತಿಳಿಯಲು ನನಗೆ ಮೂರು ದಿನ ಬೇಕಾಯಿತು. ಮರೆಯುವ ಮೊದಲು ಅದನ್ನು ಬರೆದಿಡುತ್ತಿದ್ದೇನೆ.

ಮೊದಲು ಒಂದು ಸಣ್ಣ ಸಂಗತಿ. ನಮ್ಮಲ್ಲಿ ಮಾರುವ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಹಿಡಿಕೆ ಮುಂದಿನ ಗಾಲಿಗೆ, ಎಡಗೈ ಹಿಡಿಕೆ ಹಿಂದಿನ ಗಾಲಿಗೆ ಇರುತ್ತದೆ. ಅದಲು ಬದಲು ಮಾಡಿ ಕಟ್ಟಿರುವುದೂ ಉಂಟು. ಆದ್ದರಿಂದ ಹತ್ತುವ ಮೊದಲೇ ಒಮ್ಮೆ ಒತ್ತಿ ನೋಡಬೇಕು.

ತೂಕ ಎಲ್ಲಿಗೆ ಹೋಗುತ್ತದೆ

ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ಎಂದಿಟ್ಟುಕೊಳ್ಳೋಣ. ಎರಡು ಗಾಲಿಗಳು ನೆಲ ಮುಟ್ಟುವ ಬಿಂದುಗಳ ನಡುವೆ 1.05 ಮೀಟರ್ ಅಂತರವಿರಲಿ, ಒಟ್ಟು ತೂಕದ ಗುರುತ್ವಕೇಂದ್ರವು ನೆಲದಿಂದ 1.1 ಮೀಟರ್ ಎತ್ತರದಲ್ಲಿ, ಮುಂದಿನ ಬಿಂದುವಿನಿಂದ 0.6 ಮೀಟರ್ ಹಿಂದೆ ಇರಲಿ. ಪ್ರತಿ ಗಾಲಿಯ ಕೆಳಗೂ ಒಂದೊಂದು ತೂಕದ ಯಂತ್ರವಿದೆ ಎಂದು ಕಲ್ಪಿಸಿಕೊಂಡರೆ, ಸುಮ್ಮನೆ ಉರುಳುವಾಗ ಹಿಂದಿನದು 46 ಕಿಲೋ, ಮುಂದಿನದು 34 ಕಿಲೋ ತೋರಿಸುತ್ತದೆ.

ಈಗ ಬ್ರೇಕ್ ಹಿಡಿಯೋಣ. ಬ್ರೇಕಿನ ಬಲ ಹುಟ್ಟುವುದು ಗಾಲಿ ನೆಲ ಮುಟ್ಟುವ ಕಡೆ, ಕೆಳಗೆ. ಆದರೆ ಮುಂದಕ್ಕೆ ಹೋಗಬೇಕೆನ್ನುವ ನಮ್ಮ ತೂಕವಿರುವುದು 1.1 ಮೀಟರ್ ಮೇಲೆ. ಕೆಳಗಿನಿಂದ ತಡೆದು ಮೇಲಿನದನ್ನು ಬಿಟ್ಟರೆ ಸೈಕಲ್ ಮುಂದಕ್ಕೆ ಬಗ್ಗಲು ನೋಡುತ್ತದೆ. ಅಂದರೆ ಹಿಂದಿನ ಯಂತ್ರದ ಅಂಕಿ ಇಳಿಯುತ್ತದೆ, ಮುಂದಿನದು ಅಷ್ಟೇ ಏರುತ್ತದೆ. ಎಷ್ಟು ಕಿಲೋ ಬಲದಿಂದ ಬ್ರೇಕ್ ಹಿಡಿಯುತ್ತೇವೋ ಸುಮಾರು ಅಷ್ಟೇ ಕಿಲೋ ಮುಂದಕ್ಕೆ ಸರಿಯುತ್ತದೆ ಎಂದು ನೆನಪಿಟ್ಟರೆ ಸಾಕು, ಏಕೆಂದರೆ 1.1 ಮತ್ತು 1.05 ಹೆಚ್ಚುಕಡಿಮೆ ಒಂದೇ. ಈ ಸುಲಭ ಸೂತ್ರ ಸಿಕ್ಕ ಮೇಲೆ ಉಳಿದದ್ದೆಲ್ಲ ಬಾಯಿಲೆಕ್ಕವಾಯಿತು.

ಒಣ ಡಾಂಬರಿನ ಮೇಲೆ ಗಾಲಿಯು ತನ್ನ ಮೇಲಿರುವ ತೂಕದ 0.8 ಪಟ್ಟು ಬಲದವರೆಗೆ ಜಾರದೆ ಹಿಡಿಯುತ್ತದೆ ಎಂದು ತೆಗೆದುಕೊಳ್ಳೋಣ. ಹಿಂದಿನ ಬ್ರೇಕ್ ಒಂದನ್ನೇ ಒತ್ತುತ್ತಾ ಹೋದರೆ, ಬಲ 20 ಕಿಲೋ ತಲುಪುವಷ್ಟರಲ್ಲಿ 21 ಕಿಲೋ ಮುಂದೆ ಸರಿದು ಹಿಂದಿನ ಗಾಲಿಯ ಮೇಲೆ 25 ಕಿಲೋ ಮಾತ್ರ ಉಳಿದಿರುತ್ತದೆ. 25ರ 0.8 ಪಟ್ಟು ಎಂದರೆ 20. ಅಲ್ಲಿಗೆ ಅದರ ಮಿತಿ ಮುಗಿಯಿತು. ಇನ್ನೂ ಒತ್ತಿದರೆ ಗಾಲಿ ಜಾರುತ್ತದೆಯೇ ಹೊರತು ಸೈಕಲ್ ಹೆಚ್ಚು ನಿಧಾನವಾಗುವುದಿಲ್ಲ. ಹಿಂದಿನ ಬ್ರೇಕ್ ತಾನು ನಿಂತಿರುವ ನೆಲವನ್ನು ತಾನೇ ಹಗುರ ಮಾಡಿಕೊಳ್ಳುತ್ತದೆ. ಮುಂದಿನದರ ಗತಿ ಇದಕ್ಕೆ ವಿರುದ್ಧ: ಒತ್ತಿದಷ್ಟೂ ಅದರ ಮೇಲೆ ತೂಕ ಬಂದು ಹಿಡಿತ ಹೆಚ್ಚುತ್ತದೆ. ಹಿಂದಿನ ಗಾಲಿ ನೆಲ ಬಿಡುವ ಹಂತ ಬರುವುದು ಸುಮಾರು 44 ಕಿಲೋ ಬಲಕ್ಕೆ.

ಇನ್ನು ನಾನು ಮೂರು ದಿನ ಸಿಕ್ಕಿಕೊಂಡಿದ್ದ ಹಂತ. "ಇಳಿಜಾರಿನಲ್ಲಿ ಸೈಕಲ್ ಮೊದಲೇ ಮುಂದಕ್ಕೆ ಬಾಗಿರುತ್ತದೆ, ತೂಕ ತಾನಾಗಿಯೇ ಮುಂದೆ ಹೋಗಿರುತ್ತದೆ, ಆದ್ದರಿಂದ ಅಲ್ಲಿ ಮುಂದಿನ ಬ್ರೇಕ್ ಇನ್ನಷ್ಟು ಅಪಾಯಕಾರಿ" ಎಂದು ನಾನು ನಂಬಿದ್ದೆ. ಇದರಲ್ಲಿ ತಪ್ಪಿರುವುದು ನಡುವಿನ ಮಾತು. ಬ್ರೇಕ್ ಬಿಟ್ಟು ಸ್ವತಂತ್ರವಾಗಿ ಉರುಳುತ್ತಿರುವಾಗ ಗುರುತ್ವವು ಸವಾರನನ್ನೂ ಸೈಕಲ್ಲನ್ನೂ ಒಟ್ಟಿಗೆ, ಒಂದೇ ವೇಗೋತ್ಕರ್ಷದಿಂದ ಕೆಳಗೆ ಎಳೆಯುತ್ತದೆ. ಕೆಳಗಿನಿಂದ ಯಾರೂ ತಡೆಯುತ್ತಿಲ್ಲವಾದ್ದರಿಂದ ಬಗ್ಗಿಸುವ ಬಲವೂ ಇಲ್ಲ, ಯಂತ್ರದ ಅಂಕಿಗಳು ಬಹುಪಾಲು ಸಮತಟ್ಟಿನಲ್ಲಿದ್ದಷ್ಟೇ ಇರುತ್ತವೆ. ಇಳಿಜಾರಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ಕುಳಿತಾಗ ಕೈಗಳ ಮೇಲೆ ಭಾರ ಬೀಳುವುದು ನಿಜ. ಆದರೆ ಆಗ ಬ್ರೇಕ್ ಹಿಡಿದಿರುತ್ತೇವೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತೂಕವನ್ನು ಮುಂದಕ್ಕೆ ಸರಿಸುವುದು ಇಳಿಜಾರಲ್ಲ, ಬ್ರೇಕಿನ ಬಲ.

ಹಾಗಾದರೆ ಇಳಿಜಾರು ಮಾಡುವುದೇನು? ಅದು ಬ್ರೇಕಿನ ಬಲದಲ್ಲಿ ಒಂದು ಪಾಲನ್ನು ಕಿತ್ತುಕೊಳ್ಳುತ್ತದೆ. ಶೇಕಡಾ 10ರ ಇಳಿಜಾರಿನಲ್ಲಿ, ಅಂದರೆ 100 ಮೀಟರ್ ಮುಂದೆ ಹೋದರೆ 10 ಮೀಟರ್ ಕೆಳಗಿಳಿಯುವ ರಸ್ತೆಯಲ್ಲಿ, 80 ಕಿಲೋ ತೂಕವನ್ನು ಸುಮಾರು 8 ಕಿಲೋ ಬಲ ಸದಾ ಕೆಳಗೆ ಎಳೆಯುತ್ತಿರುತ್ತದೆ. ವೇಗ ಏರದಂತೆ ನೋಡಿಕೊಳ್ಳಲೇ 8 ಕಿಲೋ ಖರ್ಚು. ಹಿಂದಿನ ಬ್ರೇಕಿನ 20ರಲ್ಲಿ 8 ಕಳೆದರೆ ಉಳಿಯುವುದು 12. ಮುಂದಿನದರ 44ರಲ್ಲಿ ಕಳೆದರೆ 36. ಸಮತಟ್ಟಿನಲ್ಲಿ ಎರಡು ಪಟ್ಟಿಗಿಂತ ತುಸು ಹೆಚ್ಚಿದ್ದ ವ್ಯತ್ಯಾಸ ಇಳಿಜಾರಿನಲ್ಲಿ ಮೂರು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವವನು ಹಿಂದಿನ ಬ್ರೇಕ್ ಒಂದರಿಂದ ಸಮತಟ್ಟಿನಲ್ಲಿ 20 ಮೀಟರಿನಲ್ಲಿ ನಿಂತರೆ, ಈ ಇಳಿಜಾರಿನಲ್ಲಿ 34 ಮೀಟರ್ ಬೇಕು. ನಾನು ಹುಲ್ಲಿಗೆ ಇಳಿದದ್ದು ಈ ಹೆಚ್ಚಿನ 14 ಮೀಟರಿನಲ್ಲಿ.

44 ಕಿಲೋದವರೆಗೆ ಒತ್ತಿ ನೋಡಿ ಎಂದು ನಾನು ಹೇಳುತ್ತಿಲ್ಲ, ಹೇಳುವುದೂ ಇಲ್ಲ. ಮುಂದಿನದರಿಂದ 20, ಹಿಂದಿನದರಿಂದ 5, ಒಟ್ಟು 25 ಕಿಲೋ ಸಾಕು. ಆಗ ಯಾವ ಗಾಲಿಯೂ ತನ್ನ ಮಿತಿಯ ಹತ್ತಿರವಿರುವುದಿಲ್ಲ, ಆದರೂ 24 ಮೀಟರಿನಲ್ಲಿ ನಿಲ್ಲುತ್ತೇವೆ. ಜಾರುತ್ತಾ 34 ಮೀಟರ್ ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಹ್ಯಾಂಡಲ್ ಮೇಲಿಂದ ಬೀಳುವ ಭಯಕ್ಕೂ ಕಾರಣವಿದೆ. ಬ್ರೇಕನ್ನು ಫಕ್ಕನೆ ಹಿಡಿದಾಗ ಸೈಕಲ್ ನಿಧಾನವಾದರೂ ನಮ್ಮ ದೇಹ ಸೀಟಿನ ಮೇಲೆ ಮುಂದಕ್ಕೆ ಜಾರಿ, ಗುರುತ್ವಕೇಂದ್ರವೂ ಮುಂದೆ ಹೋಗಿ, ಆ 44ರ ಮಿತಿ ಕಡಿಮೆಯಾಗುತ್ತದೆ. ಆದ್ದರಿಂದ ಬ್ರೇಕಿಗೆ ಮೊದಲೇ ಎರಡೂ ಪೆಡಲ್‌ಗಳನ್ನು ಒಂದೇ ಮಟ್ಟಕ್ಕೆ ತಂದು, ಅವುಗಳ ಮೇಲೆ ಭಾರ ಹಾಕಿ, ಸೊಂಟವನ್ನು ಸೀಟಿನ ಹಿಂಭಾಗಕ್ಕೆ ಸರಿಸಿ, ಎದೆಯನ್ನು ತಗ್ಗಿಸಿ, ಕೈಗಳಿಂದ ದೇಹವನ್ನು ತಡೆದು ಹಿಡಿಯಬೇಕು. ಕೇಂದ್ರವು 10 ಸೆಂಟಿಮೀಟರ್ ಹಿಂದೆ, 10 ಸೆಂಟಿಮೀಟರ್ ಕೆಳಗೆ ಹೋದರೆ ಮಿತಿ 44ರಿಂದ 56ಕ್ಕೆ ಏರುತ್ತದೆ. ಹಿಡಿಕೆಯನ್ನು ಒಂದು ಕ್ಷಣದಲ್ಲಿ ಅಮುಕದೆ, ಹಿಟ್ಟು ನಾದುವಾಗ ಕೈ ಒತ್ತುವಂತೆ ಕ್ರಮೇಣ ಬಿಗಿ ಮಾಡಬೇಕು.

ಲೆಕ್ಕ ನಂಬದವರು ಅಂಗಳದಲ್ಲಿ ಸೈಕಲ್ಲನ್ನು ಕೈಯಲ್ಲಿ ತಳ್ಳಿಕೊಂಡು ನಡೆಯುತ್ತಾ ಒಂದೊಂದೇ ಬ್ರೇಕ್ ಹಿಡಿದು ನೋಡಬಹುದು. ಹಿಂದಿನದನ್ನು ಹಿಡಿದರೆ ಗಾಲಿ ನೆಲ ಕೆರೆಯುತ್ತಾ ನಮ್ಮ ಜೊತೆಗೇ ಬರುತ್ತದೆ. ಮುಂದಿನದನ್ನು ಹಿಡಿದರೆ ಸೈಕಲ್ ನಿಂತು ಹಿಂಭಾಗ ಮೇಲೇಳುತ್ತದೆ.

ತಿರುವು, ಗರಸು, ಮಳೆ

ತಿರುವಿನ ವಿಷಯ ಬೇಗ ಮುಗಿಯುತ್ತದೆ: ಬ್ರೇಕಿನ ಕೆಲಸವೆಲ್ಲ ತಿರುವಿಗೆ ಮೊದಲು, ನೇರ ರಸ್ತೆಯಲ್ಲೇ ಆಗಬೇಕು. ಟೈರಿನ ಹಿಡಿತ ಒಂದೇ ಗಂಟು. ತಿರುಗಲು ಅದರಲ್ಲಿ ಖರ್ಚಾದದ್ದು ನಿಲ್ಲಲು ಸಿಗುವುದಿಲ್ಲ.

ಗರಸು ಅಥವಾ ಸಡಿಲ ಖಡಿ ಚೆಲ್ಲಿದ ಕಡೆ ಮುಂದಿನ ಬ್ರೇಕ್ ಸಲ್ಲದು ಎಂದು ನಾನು ಮೊದಲು ಬರೆದುಕೊಂಡಿದ್ದೆ, ಆಮೇಲೆ ಹೊಡೆದು ಹಾಕಿದೆ. ಅಲ್ಲಿ ಹಿಡಿತ 0.3ಕ್ಕೆ ಇಳಿದರೆ ಹಿಂದಿನ ಗಾಲಿ ಕೊಡಬಲ್ಲದ್ದು ಸುಮಾರು 10 ಕಿಲೋ. ಇಳಿಜಾರಿನ 8 ಕಳೆದರೆ ಉಳಿಯುವುದು 2. ಅದರಿಂದ ಸೈಕಲ್ ಬೇಗ ನಿಲ್ಲುವುದಿಲ್ಲ. ಆದರೆ ಮುಂದಿನ ಗಾಲಿ ಜಾರಿದರೆ ಹ್ಯಾಂಡಲ್ ಕೈ ತಪ್ಪಿ ಬೀಳುವುದು ಬಹುತೇಕ ಖಚಿತ, ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು ಎಂಬುದೂ ನಿಜ. ಆದ್ದರಿಂದ ಎರಡನ್ನೂ ಹಗುರವಾಗಿ ಹಿಡಿಯಬೇಕು, ಅದಕ್ಕಿಂತ ಮುಖ್ಯವಾಗಿ ಗರಸು ಕಾಣುವ ಮೊದಲೇ ವೇಗ ಇಳಿಸಿರಬೇಕು.

ಜಾಂಬೋಟಿ, ಕಣಕುಂಬಿ ಹಾದು ಚೋರ್ಲಾ ಘಾಟಿನತ್ತ ಹೋಗುವವರಿಗೆ ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ. ರಿಮ್ಮಿಗೆ ರಬ್ಬರ್ ಒತ್ತುವ ಬ್ರೇಕುಗಳಲ್ಲಿ, ಒದ್ದೆ ರಿಮ್ಮಿನ ನೀರನ್ನು ಒರೆಸುವುದರಲ್ಲೇ ಗಾಲಿಯ ಮೊದಲ ಕೆಲವು ಸುತ್ತುಗಳು ಕಳೆಯುತ್ತವೆ. ಹಳೆಯ ರಾಡ್ ಬ್ರೇಕ್ ಸೈಕಲ್ಲುಗಳ ಹೊಳಪಿನ ಉಕ್ಕಿನ ರಿಮ್ಮಿನಲ್ಲಿ ಇದು ತೀರ ಕೆಟ್ಟದು, ಅಲ್ಯುಮಿನಿಯಂ ರಿಮ್ಮಿನಲ್ಲಿ ಕಡಿಮೆ. ಬ್ರೇಕ್ ಬೇಕಾಗುವ ಜಾಗಕ್ಕೆ ಸಾಕಷ್ಟು ಮೊದಲೇ ಹಗುರವಾಗಿ ಮುಟ್ಟಿಸಿ ರಿಮ್ ಒರೆಸಿಕೊಳ್ಳುವುದೇ ಉಪಾಯ.

ಬಿಸಿ

80 ಕಿಲೋ ತೂಕ 100 ಮೀಟರ್ ಎತ್ತರ ಇಳಿದಾಗ 78 ಸಾವಿರ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಒಂದಿಷ್ಟು ಗಾಳಿಗೆ ಹೋಗುತ್ತದೆ, ಉಳಿದದ್ದು ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಎಲ್ಲವೂ ಅರ್ಧ ಅರ್ಧ ಕಿಲೋ ತೂಗುವ ಎರಡು ಅಲ್ಯುಮಿನಿಯಂ ರಿಮ್ಮುಗಳಲ್ಲೇ ಉಳಿದರೆ ಅವು 87 ಡಿಗ್ರಿ ಹೆಚ್ಚು ಬಿಸಿಯಾಗುತ್ತಿದ್ದವು. ಗಾಳಿ ತಂಪು ಮಾಡುವುದರಿಂದ ಅಷ್ಟಾಗುವುದಿಲ್ಲ. ಒಂದೇ ಬ್ರೇಕಿನ ಮೇಲೆ ಇಡೀ ಭಾರ ಹಾಕಬಾರದು ಎಂಬುದಕ್ಕೆ ಇದು ಎರಡನೆಯ ಕಾರಣ. ಉದ್ದ ಘಟ್ಟದಲ್ಲಿ ಎದೆ ನೆಟ್ಟಗೆ ಮಾಡಿ ಕುಳಿತು ಗಾಳಿಗೂ ಒಂದು ಪಾಲು ಕೆಲಸ ಕೊಡಬೇಕು, ಕೈ ಸೋತರೆ ಅಥವಾ ಹಿಡಿಕೆ ಮೊದಲಿಗಿಂತ ಆಳಕ್ಕೆ ಹೋದರೆ ರಸ್ತೆ ಬದಿಗೆ ನಿಂತು ತಣಿಯಲು ಬಿಡಬೇಕು. ಡಿಸ್ಕ್ ಬ್ರೇಕಿನ ತಟ್ಟೆ ರಿಮ್ಮಿಗಿಂತ ಬಹಳ ಹಗುರ, ಹಾಗಾಗಿ ಬಹಳ ಬೇಗ ಕಾಯುತ್ತದೆ. ಇಳಿದ ಕೂಡಲೇ ಅದನ್ನು ಬೆರಳಿನಿಂದ ಮುಟ್ಟಬಾರದು.

ಮನೆಗೆ ಬಂದ ಮೇಲೆ ನಾನು ಈಗ ಬ್ರೇಕ್ ರಬ್ಬರುಗಳನ್ನು ತಿರುಗಿಸಿ ನೋಡುತ್ತೇನೆ. ಕಳೆದ ಭಾನುವಾರ ಮುಂದಿನ ರಬ್ಬರಿನಲ್ಲಿ ಎರಡು ಮರಳಿನ ಹರಳುಗಳು ಕಚ್ಚಿಕೊಂಡಿದ್ದವು. ಸೂಜಿಯಿಂದ ಕಿತ್ತು ತೆಗೆದೆ. ರಿಮ್ಮಿನ ಮೇಲೆ ಆಗಲೇ ತೆಳುವಾದ ಗೀರು ಬಿದ್ದಿತ್ತು.