ಶಾಲೆಗೆ ಸೇರಿದ ಮಗಳಿಗೆ ಪಾಠವೂ ತಲುಪಬೇಕಾದರೆ ಏನು ಕೇಳಬೇಕು?

ಪ್ರಶ್ನೆ: ಹಾವೇರಿ ಜಿಲ್ಲೆಯ ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿ ಓದುತ್ತಿರುವ ಮಗಳಿಗೆ ಕಿವಿ ಮಂದ. ಹಾಜರಿಯೇನೋ ದಾಖಲಾಗುತ್ತಿದೆ, ಆದರೆ ಪಾಠ ತಿಳಿಯುತ್ತಿಲ್ಲ. ವಿಶೇಷ ಶಾಲೆಗೆ ಸೇರಿಸಿ ಎನ್ನುತ್ತಾರೆ. ಊರಲ್ಲೇ ಕಲಿಸಲಾಗದೇ?

ಉತ್ತರ: ಎಲ್ಲಿ ಓದಿಸಬೇಕೆಂಬ ಆಯ್ಕೆ ನಿಮ್ಮದು, ಶಾಲೆಯದಲ್ಲ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 31ನೆಯ ಕಲಮು ಕೊಟ್ಟಿದೆ.

ಆದರೆ ನಮ್ಮ ಭಾಗದ ಅನೇಕ ಶಾಲೆಗಳಲ್ಲಿ ದಾಖಲಾತಿಯಾದೊಡನೆ ಕೆಲಸ ಮುಗಿಯಿತೆಂಬ ಭಾವನೆಯಿದೆ. ಇದು ಮಗುವಿಗೆ ಮಾಡುವ ದೊಡ್ಡ ಅನ್ಯಾಯ. ಅದೇ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯು ಪ್ರತಿ ವಿಕಲಚೇತನ ವಿದ್ಯಾರ್ಥಿ ಎಷ್ಟು ಕಲಿತಿದ್ದಾನೆ, ಎಷ್ಟು ಕಲಿತಿದ್ದಾಳೆ ಎಂಬುದರ ಮೇಲೂ ನಿಗಾ ಇಡಬೇಕು. ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಮೊದಲು ಕೇಳಬೇಕಾದದ್ದು ನಿಮ್ಮ ಮಗಳ ಹೆಸರಿನಲ್ಲಿ ಬರೆದಿಟ್ಟ ಕಲಿಕಾ ಯೋಜನೆಯನ್ನು. ಈ ಮೂರು ತಿಂಗಳಲ್ಲಿ ಅವಳು ಯಾವ ಪದಗಳನ್ನು ಓದಬೇಕು, ಯಾವ ಲೆಕ್ಕ ಮಾಡಬೇಕು, ಯಾರು ಹೇಳಿಕೊಡುತ್ತಾರೆ ಎಂಬುದು ಅದರಲ್ಲಿರಲಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಬಿ.ಐ.ಇ.ಆರ್.ಟಿ. ಶಿಕ್ಷಕರು (ವಿಕಲಚೇತನ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು) ಮತ್ತು ತರಗತಿ ಶಿಕ್ಷಕರು ಒಟ್ಟಿಗೆ ಕುಳಿತು ಅದನ್ನು ಸಿದ್ಧಪಡಿಸಬೇಕು. ಸಂಪನ್ಮೂಲ ಶಿಕ್ಷಕರು ಬಂದುಹೋಗುವವರು. ದಿನವಿಡೀ ಮಗುವಿನೊಂದಿಗಿರುವವರು ತರಗತಿ ಶಿಕ್ಷಕರು. ಹಾಗಾಗಿ ಎರಡನೆಯವರನ್ನು ಬಿಟ್ಟು ಮಾಡಿದ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ತರಗತಿಯಲ್ಲಿ ಆಗಬೇಕಾದ ಬದಲಾವಣೆಗಳಿಗೆ ದುಡ್ಡು ಬೇಕಿಲ್ಲ. ಅವಳನ್ನು ಮುಂದಿನ ಸಾಲಿನಲ್ಲಿ, ಶಿಕ್ಷಕರ ತುಟಿ ಕಾಣುವಂತೆ ಕೂರಿಸಬೇಕು. ಹಲಗೆಯತ್ತ ತಿರುಗಿಕೊಂಡು ಪಾಠ ಹೇಳಬಾರದು. ಸೂಚನೆಗಳನ್ನು ಬರೆದು ತೋರಿಸಬೇಕು. ಶ್ರವಣ ಸಾಧನ ಹಾಕಿಕೊಂಡ ಮಗುವಿಗೆ ಗದ್ದಲವೂ ಜೋರಾಗಿಯೇ ಕೇಳಿಸುವುದರಿಂದ ಕಿಟಕಿ, ಬಾಗಿಲಿನಿಂದ ದೂರವಿರುವ ಜಾಗ ಒಳ್ಳೆಯದು. ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಕೇಳಲು 17ನೆಯ ಕಲಮು ಆಧಾರವಾಗುತ್ತದೆ.

ಇಷ್ಟಾದರೂ, ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್)‌ನಂಥ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಶ್ರವಣ ನಷ್ಟ ತೀವ್ರವಾಗಿದೆಯೆಂದೂ ಸಾಧನದಿಂದ ಮಾತು ತಿಳಿಯುವುದಿಲ್ಲವೆಂದೂ ಗೊತ್ತಾದರೆ, ಸಂಜ್ಞಾ ಭಾಷೆ ಬಲ್ಲ ಶಿಕ್ಷಕರು ಮತ್ತು ಗೆಳತಿಯರಿರುವ ವಿಶೇಷ ಶಾಲೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಭಾಷೆಯೇ ಇಲ್ಲದೆ ಮಗು ವರ್ಷಗಳನ್ನು ಕಳೆಯಬಾರದು.

ಬೇಡಿಕೆಯನ್ನು ಬಾಯಿಮಾತಿನಲ್ಲಿ ಬಿಡದೆ ಅರ್ಜಿಯಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆ ಸ್ಪಂದಿಸದಿದ್ದರೆ ಅದರ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗೂ, ಅಲ್ಲಿಯೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೂ ದೂರು ಸಲ್ಲಿಸಬಹುದು.