ಯುದ್ಧವೋ, ಅಪರಾಧವೋ: ಭಯೋತ್ಪಾದನೆಗೆ ಇಟ್ಟ ಹೆಸರಿನ ಹಿನ್ನೆಲೆ

1970ರ ಸೆಪ್ಟೆಂಬರ್ 6ರಂದು ಆಮ್‌ಸ್ಟರ್‌ಡ್ಯಾಮ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಪ್ಯಾನ್ ಆಮ್ ಸಂಸ್ಥೆಯ ಬೋಯಿಂಗ್ 747 ವಿಮಾನವನ್ನು ಪ್ಯಾಲೆಸ್ತೀನಿನ ಪಿಎಫ್‌ಎಲ್‌ಪಿ ಸಂಘಟನೆಯವರು ಅಪಹರಿಸಿ, ಬೈರೂತಿನ ಮೂಲಕ ಕೈರೋಗೆ ಒಯ್ದು, ಪ್ರಯಾಣಿಕರು ಇಳಿದ ಬೆನ್ನಲ್ಲೇ ಸ್ಫೋಟಿಸಿದರು. ಯಾರ ಪ್ರಾಣವೂ ಹೋಗಲಿಲ್ಲ. ವಿಮಾನದ ಬೆಲೆ ಕಟ್ಟಿಕೊಡಬೇಕಾದವರು ಯಾರು ಎಂಬ ವ್ಯಾಜ್ಯ ಮಾತ್ರ ಅಮೆರಿಕದ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ಇದು ಯುದ್ಧದ ಕೃತ್ಯ, ಯುದ್ಧದಿಂದಾದ ನಷ್ಟಕ್ಕೆ ನಮ್ಮ ಪಾಲಿಸಿಯಲ್ಲಿ ಪರಿಹಾರವಿಲ್ಲ ಎಂಬುದು ವಿಮಾ ಕಂಪನಿಗಳ ವಾದವಾಗಿತ್ತು. 1974ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಯುದ್ಧವೆಂಬುದು ಸರ್ಕಾರಗಳ ನಡುವೆ, ಅಥವಾ ಕನಿಷ್ಠಪಕ್ಷ ಸರ್ಕಾರದಂತೆ ನೆಲವನ್ನಾಳುವ ಶಕ್ತಿಗಳ ನಡುವೆ ನಡೆಯುವಂಥದ್ದು. ಯಾವ ಸರ್ಕಾರವೂ ಅಲ್ಲದ ಒಂದು ಗುಂಪು ರಣರಂಗದಿಂದ ಬಲು ದೂರದಲ್ಲಿ ನಾಗರಿಕ ವಿಮಾನವೊಂದನ್ನು ಸುಟ್ಟರೆ ಅದು ಯುದ್ಧವಾಗದು ಎಂದು ಅದು ತೀರ್ಪಿತ್ತಿತು.

ಭಯೋತ್ಪಾದನೆಯನ್ನು ಎದುರಿಸುವ ಕೆಲಸವನ್ನು ಯುದ್ಧವೆಂದು ಕರೆಯಬೇಕೆ ಎಂಬ ಪ್ರಶ್ನೆ ಬರಿಯ ಪದವ್ಯಾಮೋಹದ್ದಲ್ಲ ಎಂಬುದಕ್ಕೆ ಈ ಪ್ರಕರಣ ಸಾಕ್ಷಿ. ಹೆಸರು ಬದಲಾದರೆ ಹಣ ಕೊಡುವವರು ಬದಲಾಗುತ್ತಾರೆ, ಸೆರೆ ಸಿಕ್ಕವನನ್ನು ಇಡುವ ಜಾಗ ಬದಲಾಗುತ್ತದೆ, ಅವನನ್ನು ಕೊಲ್ಲುವ ಅಧಿಕಾರ ಯಾರಿಗಿದೆ ಎಂಬುದೂ ಬದಲಾಗುತ್ತದೆ. ಕನ್ನಡದ ಪತ್ರಿಕೆಗಳಲ್ಲಿ ‘ಸಮರ’ ಎಂಬುದು ಹಗುರವಾದ ಮಾತಾಗಿದೆ. ಪ್ಲಾಸ್ಟಿಕ್ ವಿರುದ್ಧ ಸಮರ, ಭ್ರಷ್ಟಾಚಾರದ ವಿರುದ್ಧ ಸಮರ ಎಂದು ಶೀರ್ಷಿಕೆ ಬರೆದಾಗ ಯಾರ ಹಕ್ಕೂ ಮೊಟಕಾಗುವುದಿಲ್ಲ. ಆದರೆ ಕಾನೂನಿನ ಕಣ್ಣಿಗೆ ಯುದ್ಧವು ಅಲಂಕಾರವಲ್ಲ. ಯುದ್ಧದಲ್ಲಿ ಎದುರಾಳಿ ಪಡೆಯವನನ್ನು ಕಂಡಲ್ಲಿ ಕೊಲ್ಲಬಹುದು, ವಿಚಾರಣೆಯಿಲ್ಲದೆ ಕಾಳಗ ಮುಗಿಯುವವರೆಗೆ ಸೆರೆಯಲ್ಲಿಡಬಹುದು. ಅದಕ್ಕೆ ಪ್ರತಿಯಾಗಿ, ಯುದ್ಧದ ನಿಯಮ ಪಾಲಿಸಿದ ಸೈನಿಕನನ್ನು ಕೊಲೆಗಾರನೆಂದು ಗಲ್ಲಿಗೇರಿಸುವಂತಿಲ್ಲ. ಈ ಎರಡು ತುದಿಗಳಲ್ಲಿ ಒಂದನ್ನಷ್ಟೇ ಹಿಡಿದು ಇನ್ನೊಂದನ್ನು ಬಿಡಲು ಹೋದದ್ದೇ ಕಳೆದ ಕಾಲು ಶತಮಾನದ ಗೊಂದಲದ ಮೂಲ.

ಈ ಎರಡು ತುದಿಗಳ ಸಂಬಂಧವನ್ನು ಭಗತ್ ಸಿಂಗ್, ರಾಜಗುರು ಮತ್ತು ಸುಖದೇವ್ ಬಹಳ ಹಿಂದೆಯೇ ಸ್ಪಷ್ಟವಾಗಿ ಗುರುತಿಸಿದ್ದರು. ನೇಣಿಗೆ ಮೂರು ದಿನ ಮೊದಲು, 1931ರ ಮಾರ್ಚ್ 20ರಂದು, ಅವರು ಪಂಜಾಬಿನ ಗವರ್ನರ್‌ಗೆ ಪತ್ರ ಬರೆದರು. ದೊರೆಯ ವಿರುದ್ಧ ಯುದ್ಧ ಹೂಡಿದ ಆರೋಪದ ಮೇಲೆ ನಮ್ಮನ್ನು ಅಪರಾಧಿಗಳೆಂದು ತೀರ್ಮಾನಿಸಿದ್ದೀರಿ. ಹಾಗಾದರೆ ಯುದ್ಧವೊಂದು ನಡೆಯುತ್ತಿದೆ ಎಂದಾಯಿತು, ನಾವು ಯುದ್ಧಕೈದಿಗಳಾದೆವು. ಆದ್ದರಿಂದ ನೇಣು ಹಾಕದೆ ಗುಂಡಿಕ್ಕಿ ಕೊಲ್ಲಿ ಎಂಬುದು ಅವರ ಬೇಡಿಕೆಯ ಸಾರ. ಜನಸಾಮಾನ್ಯರನ್ನು ಗುರಿಯಾಗಿಸುವ ಇಂದಿನ ಭಯೋತ್ಪಾದಕರ ಸಾಲಿಗೆ ಅವರನ್ನು ಸೇರಿಸುವುದು ದೊಡ್ಡ ಅನ್ಯಾಯವಾದೀತು. ಇಲ್ಲಿ ಗಮನಿಸಬೇಕಾದದ್ದು ತರ್ಕವನ್ನು ಮಾತ್ರ. ‘ಯುದ್ಧ’ ಎಂದವರು ಎದುರಿಗಿರುವವನನ್ನು ಯೋಧನೆಂದೂ ಒಪ್ಪಬೇಕಾಗುತ್ತದೆ. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಮಾರ್ಚ್ 23ರಂದು ಮೂವರನ್ನೂ ಲಾಹೋರಿನಲ್ಲಿ ನೇಣಿಗೇರಿಸಿತು.

ಸಾಮ್ರಾಜ್ಯದ ಉಳಿದ ಕಡೆಗಳಲ್ಲೂ ಬ್ರಿಟಿಷರು ಆ ಪದವನ್ನು ದೂರವಿಟ್ಟರು. ಮಲಯಾದಲ್ಲಿ 1948ರಿಂದ 1960ರವರೆಗೆ ಕಮ್ಯುನಿಸ್ಟ್ ಗೆರಿಲ್ಲಾಗಳೊಡನೆ ಸೈನ್ಯ ಹನ್ನೆರಡು ವರ್ಷ ಸೆಣಸಿದರೂ ಅದರ ಅಧಿಕೃತ ಹೆಸರು ‘ತುರ್ತುಸ್ಥಿತಿ’ ಎಂದೇ ಇತ್ತು. ಯುದ್ಧವೆಂದರೆ ರಬ್ಬರ್ ತೋಟಗಳಿಗೂ ತವರದ ಗಣಿಗಳಿಗೂ ವಿಮೆಯ ಪರಿಹಾರ ತಪ್ಪುತ್ತಿತ್ತು ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಒಂದು ಕಾರಣ.

ಉತ್ತರ ಐರ್ಲೆಂಡಿನಲ್ಲಿ ಈ ಪದಕ್ಕಾಗಿ ಜನ ಪ್ರಾಣ ಕೊಟ್ಟರು. ಅಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಆರ್ಮಿ, ತನ್ನ ಹೆಸರೇ ಹೇಳುವಂತೆ, ತಾನೊಂದು ಸೈನ್ಯವೆಂದೂ ತನ್ನವರು ಸೆರೆಯಾದರೆ ಯುದ್ಧಕೈದಿಗಳೆಂದೂ ಸಾಧಿಸುತ್ತಿತ್ತು. 1972ರಲ್ಲಿ ಬ್ರಿಟಿಷ್ ಸರ್ಕಾರ ಇಂತಹ ಕೈದಿಗಳಿಗೆ ‘ವಿಶೇಷ ವರ್ಗ’ದ ಸ್ಥಾನ ಕೊಟ್ಟು, ಸ್ವಂತ ಬಟ್ಟೆ ತೊಡುವ, ಜೈಲಿನ ಕೆಲಸ ಮಾಡದಿರುವ ರಿಯಾಯಿತಿ ನೀಡಿತು. 1976ರ ಮಾರ್ಚ್‌ನಿಂದ ಹೊಸ ಅಪರಾಧಿಗಳಿಗೆ ಅದನ್ನು ನಿಲ್ಲಿಸಿತು. ಸಮವಸ್ತ್ರ ತೊಡಲೊಪ್ಪದ ಕೈದಿಗಳು ಕಂಬಳಿ ಹೊದ್ದು ಕುಳಿತರು, ಕೊನೆಗೆ ಉಪವಾಸಕ್ಕಿಳಿದರು. 1981ರ ಏಪ್ರಿಲ್‌ನಲ್ಲಿ ಜೈಲಿನಿಂದಲೇ ಸಂಸತ್ತಿಗೆ ಆಯ್ಕೆಯಾದ ಬಾಬ್ಬಿ ಸ್ಯಾಂಡ್ಸ್ ಉಪವಾಸದ 66ನೇ ದಿನ, ಮೇ 5ರಂದು ಸತ್ತರು. ಅವರ ಹಿಂದೆ ಇನ್ನೂ ಒಂಬತ್ತು ಮಂದಿ ಸತ್ತರು. ಅಪರಾಧವೆಂದರೆ ಅಪರಾಧವೇ, ಅದಕ್ಕೆ ರಾಜಕೀಯದ ಹೆಸರಿಲ್ಲ ಎಂಬ ನಿಲುವಿನಿಂದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕದಲಲಿಲ್ಲ. ಆಕೆಯ ಕಾಠಿಣ್ಯವನ್ನು ನಾನು ಮೆಚ್ಚಲಾರೆ. ಆದರೂ ಬಾಂಬ್ ಇಡುವ ಸಂಘಟನೆಗೆ ಸರ್ಕಾರದಿಂದ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ‘ಇದು ಯುದ್ಧ’ ಎಂಬ ಒಪ್ಪಿಗೆಯೇ ಎಂಬುದನ್ನು ಆ ಹತ್ತು ಸಾವುಗಳು ತೋರಿಸಿಕೊಟ್ಟವು.

ಯುದ್ಧವೆನ್ನದಿದ್ದ ಮಾತ್ರಕ್ಕೆ ಸರ್ಕಾರದ ಕೈ ಶುಚಿಯಾಗಿ ಉಳಿಯಿತೆಂದೂ ಹೇಳುವಂತಿಲ್ಲ. ಅದೇ ಉತ್ತರ ಐರ್ಲೆಂಡಿನಲ್ಲಿ 1971ರ ಆಗಸ್ಟ್‌ನಲ್ಲಿ ವಿಚಾರಣೆಯಿಲ್ಲದ ಬಂಧನ ಆರಂಭವಾಯಿತು. 1972ರ ಜನವರಿ 30ರಂದು ಡೆರಿ ನಗರದಲ್ಲಿ ನಿರಾಯುಧ ಮೆರವಣಿಗೆಯ ಮೇಲೆ ಸೈನಿಕರು ಗುಂಡು ಹಾರಿಸಿದಾಗ 13 ಜನ ಅಲ್ಲಿಯೇ ಸತ್ತರು. ಹೆಸರು ಒಂದು ಬೇಲಿ. ಆ ಬೇಲಿಯನ್ನು ಹಾರುವವರು ಎಲ್ಲ ಕಾಲಕ್ಕೂ ಇರುತ್ತಾರೆ.

ಅಮೆರಿಕವೂ ಮೊದಲಿಗೆ ನ್ಯಾಯಾಲಯದ ದಾರಿಯನ್ನೇ ಹಿಡಿದಿತ್ತು. 1993ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ನೆಲಮಾಳಿಗೆಯಲ್ಲಿ ಬಾಂಬ್ ಸ್ಫೋಟಿಸಿದ ರಮ್ಜಿ ಯೂಸೆಫ್‌ನನ್ನು ಪಾಕಿಸ್ತಾನದಲ್ಲಿ ಹಿಡಿದು ತಂದು ಸಾಮಾನ್ಯ ನ್ಯಾಯಾಲಯದಲ್ಲಿ ವಿಚಾರಿಸಿ ಜೀವಾವಧಿ ಶಿಕ್ಷೆ ವಿಧಿಸಲಾಯಿತು. 2001ರ ಸೆಪ್ಟೆಂಬರ್ 11ರಂದು ಸುಮಾರು ಮೂರು ಸಾವಿರ ಜನ ಸತ್ತಾಗ ಆ ದಾರಿ ಸಾಲದೆನಿಸಿದ್ದು ಸಹಜವೇ ಆಗಿತ್ತು. ಸೆಪ್ಟೆಂಬರ್ 14ರಂದು ಅಮೆರಿಕದ ಕಾಂಗ್ರೆಸ್ ಬಲಪ್ರಯೋಗಕ್ಕೆ ಅಧಿಕಾರ ಕೊಟ್ಟಿತು. ಕೆಳಮನೆಯ 420 ಮತಗಳ ಎದುರು ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರದೊಂದೇ ವಿರೋಧದ ಮತ. ಸೆಪ್ಟೆಂಬರ್ 20ರಂದು ಅಧ್ಯಕ್ಷ ಜಾರ್ಜ್ ಬುಷ್, ಈ ಯುದ್ಧ ಅಲ್ ಖೈದಾದಿಂದ ಆರಂಭವಾಗುತ್ತದೆ, ಆದರೆ ಅಲ್ಲಿಗೇ ಮುಗಿಯುವುದಿಲ್ಲ, ಜಗತ್ತಿನಾದ್ಯಂತ ಕೈಚಾಚಬಲ್ಲ ಪ್ರತಿಯೊಂದು ಭಯೋತ್ಪಾದಕ ಗುಂಪೂ ಸೋಲುವವರೆಗೆ ನಡೆಯುತ್ತದೆ ಎಂದು ಸಾರಿದರು.

ಅಫ್ಘಾನಿಸ್ತಾನದಲ್ಲಿ ಅಕ್ಟೋಬರ್ 7ರಂದು ಶುರುವಾದದ್ದು ನಿಜವಾದ ಯುದ್ಧ ಎಂಬುದರಲ್ಲಿ ಅನುಮಾನವಿಲ್ಲ. ಅಲ್ಲಿ ನೆಲವನ್ನಾಳುವ ತಾಲಿಬಾನ್ ಇತ್ತು, ಪಡೆಗಳಿದ್ದವು, ರಣರಂಗವಿತ್ತು. ತೊಡಕಾದದ್ದು ಆ ಯುದ್ಧವಲ್ಲ, ಒಂದು ನಾಡಿನ ಬದಲು ಒಂದು ವಿಧಾನದ ಮೇಲೆಯೇ ಸಾರಿದ ಯುದ್ಧ. ಭಯ ಹುಟ್ಟಿಸುವುದು ಒಂದು ತಂತ್ರ. ತಂತ್ರಕ್ಕೆ ರಾಜಧಾನಿಯಿಲ್ಲ, ಶರಣಾಗತಿಯ ಪತ್ರಕ್ಕೆ ಸಹಿ ಹಾಕಲು ಸೇನಾಪತಿಯಿಲ್ಲ. ಮುಗಿಯುವ ದಿನವಿಲ್ಲದ ಯುದ್ಧದಲ್ಲಿ ‘ಯುದ್ಧ ಮುಗಿಯುವವರೆಗೆ ಸೆರೆ’ ಎಂದರೆ ಸಾಯುವವರೆಗೆ ಸೆರೆ ಎಂದೇ ಅರ್ಥ. 2002ರ ಜನವರಿ 11ರಂದು ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆಯಲ್ಲಿ ಗ್ವಾಂಟನಾಮೋ ಸೆರೆಮನೆ ತೆರೆಯಿತು. ಫೆಬ್ರವರಿ 7ರಂದು ಬುಷ್, ಅಲ್ ಖೈದಾ ಜೊತೆಗಿನ ಸಂಘರ್ಷಕ್ಕೆ ಯುದ್ಧಕೈದಿಗಳಿಗೆ ರಕ್ಷಣೆ ಕೊಡುವ ಜಿನೀವಾ ಒಪ್ಪಂದಗಳು ಅನ್ವಯಿಸುವುದಿಲ್ಲವೆಂದು ಆಜ್ಞೆ ಹೊರಡಿಸಿದರು. ಯುದ್ಧವಾದ್ದರಿಂದ ನ್ಯಾಯಾಲಯವಿಲ್ಲ, ಸೈನಿಕರಲ್ಲವಾದ್ದರಿಂದ ಯುದ್ಧಕೈದಿಯ ರಕ್ಷಣೆಯೂ ಇಲ್ಲ. ಹೀಗೆ ಎರಡು ಕಾನೂನುಗಳ ನಡುವಿನ ಬಿರುಕಿಗೆ ಬಿದ್ದವರು ಸುಮಾರು 780 ಮಂದಿ. 2025ರ ಜನವರಿಯ ವೇಳೆಗೆ ಉಳಿದವರು 15. ಅಮೆರಿಕದ ಪ್ರಜೆಯೇ ಆದ ಹೋಸೆ ಪಡಿಲಾನನ್ನು ಷಿಕಾಗೋ ವಿಮಾನ ನಿಲ್ದಾಣದಲ್ಲಿ ಬಂಧಿಸಿ, ‘ಶತ್ರು ಯೋಧ’ ಎಂದು ಹೆಸರಿಟ್ಟು ಮೂರು ವರ್ಷಕ್ಕೂ ಮೀರಿ ನೌಕಾಪಡೆಯ ಸೆರೆಯಲ್ಲಿಟ್ಟು, ಕೊನೆಗೆ ಸಾಮಾನ್ಯ ನ್ಯಾಯಾಲಯಕ್ಕೇ ಒಪ್ಪಿಸಬೇಕಾಯಿತು.

ಇದೇ ಹೊತ್ತಿನಲ್ಲಿ ಬಾಸ್ಟನ್‌ನ ನ್ಯಾಯಾಧೀಶರೊಬ್ಬರು ಬೇರೆಯದೇ ಮಾತಾಡಿದರು. ಬೂಟಿನಲ್ಲಿ ಬಾಂಬ್ ಅಡಗಿಸಿ ವಿಮಾನ ಉರುಳಿಸಲು ಹೊರಟಿದ್ದ ರಿಚರ್ಡ್ ರೀಡ್, ತಾನು ಅಮೆರಿಕದೊಡನೆ ಯುದ್ಧದಲ್ಲಿದ್ದೇನೆ ಎಂದು 2003ರ ಜನವರಿ 30ರಂದು ನ್ಯಾಯಾಲಯದಲ್ಲಿ ಎದೆಯೆತ್ತಿ ಹೇಳಿದಾಗ, ನ್ಯಾಯಾಧೀಶ ವಿಲಿಯಂ ಯಂಗ್ ಉತ್ತರಿಸಿದರು: ನೀನು ಶತ್ರು ಯೋಧನಲ್ಲ, ನೀನು ಯಾವ ಯುದ್ಧದ ಸೈನಿಕನೂ ಅಲ್ಲ, ನೀನೊಬ್ಬ ಭಯೋತ್ಪಾದಕ, ನಿನ್ನನ್ನು ಸೈನಿಕನೆಂದರೆ ನಿನಗೆ ಸಲ್ಲದ ಎತ್ತರ ಕೊಟ್ಟಂತಾಗುತ್ತದೆ. ಶಿಕ್ಷೆ ಜೀವಾವಧಿ. ತನ್ನ ಸರ್ಕಾರ ಯುದ್ಧವೆನ್ನುತ್ತಿದ್ದ ದಿನಗಳಲ್ಲೇ ಆ ಪೀಠದಿಂದ ಈ ಮಾತು ಬಂದದ್ದು ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ಅತ್ಯಂತ ಘನವಾದ ಗಳಿಗೆ.

ರೀಡ್‌ಗೆ ಬಂಧನವಾದ ಹದಿಮೂರು ತಿಂಗಳಲ್ಲಿ ಶಿಕ್ಷೆಯಾಯಿತು. ಸೆಪ್ಟೆಂಬರ್ 11ರ ಸಂಚಿನ ಸೂತ್ರಧಾರ ಖಾಲಿದ್ ಶೇಖ್ ಮೊಹಮ್ಮದ್ 2003ರ ಮಾರ್ಚ್‌ನಲ್ಲಿ ರಾವಲ್ಪಿಂಡಿಯಲ್ಲಿ ಸಿಕ್ಕಿಬಿದ್ದ. ಅವನನ್ನು ಯುದ್ಧದ ಹೆಸರಿನಲ್ಲಿ ರಹಸ್ಯ ಸೆರೆಮನೆಗಳಿಗೆ ಒಯ್ದು, ಉಸಿರುಗಟ್ಟುವಂತೆ ಮುಖದ ಮೇಲೆ ನೀರು ಸುರಿಯುವ ಹಿಂಸೆಗೆ 183 ಬಾರಿ ಗುರಿಪಡಿಸಲಾಯಿತು. ಹಿಂಸೆಯಿಂದ ಮಲಿನವಾದ ಸಾಕ್ಷ್ಯವನ್ನು ಏನು ಮಾಡುವುದೆಂಬ ವಾದದಲ್ಲೇ ಗ್ವಾಂಟನಾಮೋದ ಸೇನಾ ಆಯೋಗ ವರ್ಷಗಳನ್ನು ಕಳೆಯಿತು. ತಪ್ಪೊಪ್ಪಿಗೆಯ ಒಪ್ಪಂದವೊಂದು 2024ರಲ್ಲಿ ಕುದುರಿ, ಮುರಿದು, 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ರದ್ದಾಯಿತು.

‘ಭಯೋತ್ಪಾದನೆಯ ವಿರುದ್ಧ ಯುದ್ಧ’ ಎಂಬ ಆ ಹೆಸರಿಗೆ ಒಳಗಿನಿಂದಲೇ ವಿರೋಧವಿತ್ತು. ಬ್ರಿಟನ್ನಿನ ಮಿಲಿಟರಿ ಇತಿಹಾಸಕಾರ ಮೈಕಲ್ ಹೋವರ್ಡ್, ಯುದ್ಧವೆನ್ನುವುದರಿಂದ ಕೊಲೆಗಾರರಿಗೆ ಅವರು ಬಯಸುವ ಘನತೆ ದೊರೆಯುತ್ತದೆಂದು 2001ರ ಕೊನೆಯಲ್ಲೇ ಎಚ್ಚರಿಸಿದ್ದರು. 2005ರಲ್ಲಿ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ‘ಹಿಂಸಾತ್ಮಕ ಉಗ್ರವಾದದ ವಿರುದ್ಧ ಜಾಗತಿಕ ಹೋರಾಟ’ ಎಂಬ ಹೆಸರನ್ನು ತರಲು ನೋಡಿದರೂ ಬುಷ್ ಹಳೆಯದಕ್ಕೇ ಅಂಟಿಕೊಂಡರು. ಬ್ರಿಟನ್ನಿನ ಪ್ರಧಾನ ಸರ್ಕಾರಿ ಅಭಿಯೋಜಕ ಕೆನ್ ಮ್ಯಾಕ್‌ಡೊನಾಲ್ಡ್ 2007ರ ಜನವರಿಯಲ್ಲಿ, ಲಂಡನ್ ರಣರಂಗವಲ್ಲ, 2005ರ ಜುಲೈ 7ರಂದು ಸತ್ತ 52 ಜನ ಯುದ್ಧದಲ್ಲಿ ಮಡಿದವರಲ್ಲ, ಅವರನ್ನು ಕೊಂದವರು ಸೈನಿಕರೂ ಅಲ್ಲ ಎಂದರು. 2013ರ ಮೇ ತಿಂಗಳಲ್ಲಿ ಬರಾಕ್ ಒಬಾಮ, ಎಲ್ಲೆಯಿಲ್ಲದ ಜಾಗತಿಕ ಯುದ್ಧದ ಕಲ್ಪನೆಯನ್ನು ಬಿಡಬೇಕೆಂದರು. ಪದ ಹಿಂದೆ ಸರಿಯಿತು. ಆದರೆ ಅವರ ಕಾಲದಲ್ಲಿ ಡ್ರೋನ್ ದಾಳಿಗಳು ಹೆಚ್ಚಿದವು, ಬಲಪ್ರಯೋಗಕ್ಕೆ ಕಾಂಗ್ರೆಸ್ ಕೊಟ್ಟ 2001ರ ಅಧಿಕಾರಪತ್ರ ಜಾರಿಯಲ್ಲೇ ಉಳಿಯಿತು.

ಬ್ರಿಟನ್ನಿನ ಅಂದಿನ ವಿದೇಶಾಂಗ ಸಚಿವ ಡೇವಿಡ್ ಮಿಲಿಬ್ಯಾಂಡ್, ಯುದ್ಧವೆಂಬ ಹೆಸರು ತಪ್ಪು ಎಂಬ ಇದೇ ಮಾತನ್ನು 2009ರ ಜನವರಿಯಲ್ಲಿ ಮುಂಬೈಯ ತಾಜ್ ಹೋಟೆಲಿನಲ್ಲಿ ನಿಂತು ಆಡಿದರು. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅದೇ ಕಟ್ಟಡದಲ್ಲಿ ಹುತಾತ್ಮರಾಗಿ ಎರಡು ತಿಂಗಳೂ ಆಗಿರಲಿಲ್ಲ. ಅಂತಹ ಜಾಗದಲ್ಲಿ, ಕಾಶ್ಮೀರದ ಬಗೆಗಿನ ಸಲಹೆಯನ್ನೂ ಬೆರೆಸಿ ಆಡಿದ ಆ ಮಾತು ದೆಹಲಿಗೆ ಹಿಡಿಸಲಿಲ್ಲ. ಆದರೂ ಮುಂಬೈ ದಾಳಿಯ ವಿಷಯದಲ್ಲಿ ಭಾರತ ಹಿಡಿದ ದಾರಿ ನ್ಯಾಯಾಲಯದ್ದೇ ಆಗಿತ್ತು. ಅಜ್ಮಲ್ ಕಸಬ್‌ಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಟ್ಟು, ಕೊಲೆಯ ಜೊತೆಗೆ ಭಾರತೀಯ ದಂಡ ಸಂಹಿತೆಯ 121ನೇ ಕಲಮಿನಡಿ ದೇಶದ ವಿರುದ್ಧ ಯುದ್ಧ ಹೂಡಿದ ಆರೋಪವನ್ನೂ ಹೊರಿಸಿ ವಿಚಾರಿಸಲಾಯಿತು. 2010ರ ಮೇ ತಿಂಗಳಲ್ಲಿ ತೀರ್ಪು, 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಅಂತಿಮ ಮಾತು, ಅದೇ ನವೆಂಬರ್ 21ರಂದು ಯರವಡಾ ಜೈಲಿನಲ್ಲಿ ನೇಣು. ಈ 121ನೇ ಕಲಮು ಭಗತ್ ಸಿಂಗ್ ಎತ್ತಿ ತೋರಿಸಿದ ಅದೇ ಆರೋಪದ್ದು. ಆದರೆ ಅಲ್ಲಿ ಯುದ್ಧವೆಂಬುದು ಆರೋಪಿಗೆ ಸಿಗುವ ಸ್ಥಾನಮಾನವಲ್ಲ, ಸಾಕ್ಷ್ಯದಿಂದ ಸಾಬೀತಾಗಬೇಕಾದ ಒಂದು ಅಪರಾಧ.

ಅಪರಾಧದ ಭಾಷೆಯೊಳಗೂ ಯುದ್ಧದ ನಿರ್ದಯತೆ ನುಸುಳಬಲ್ಲದೆಂಬುದನ್ನು ಭಯೋತ್ಪಾದನೆ ತಡೆಯಲೆಂದು ತಂದ ನಮ್ಮ ಟಾಡಾ ಮತ್ತು ಪೋಟಾ ಕಾಯ್ದೆಗಳು ತೋರಿಸಿವೆ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯವೆಂದು ಒಪ್ಪುತ್ತಿದ್ದ ಆ ಎರಡರಲ್ಲಿ ಒಂದು 1995ರಲ್ಲಿ ಅವಧಿ ಮುಗಿದು ಹೋಯಿತು, ಇನ್ನೊಂದು 2004ರಲ್ಲಿ ರದ್ದಾಯಿತು. ಜಾಮೀನನ್ನು ದುರ್ಲಭಗೊಳಿಸುವ ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಇಂದಿಗೂ ಇದೆ.

2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರ ಹತ್ಯೆಯಾದ ಮೇಲೆ ಪ್ರಶ್ನೆ ಮತ್ತೆ ನಮ್ಮ ಅಂಗಳಕ್ಕೆ ಬಂದಿತು. ಮೇ 7ರ ಆಪರೇಷನ್ ಸಿಂಧೂರವನ್ನು ಸರ್ಕಾರ ಅಳೆದು ತೂಗಿ ನಡೆಸಿದ, ಸಂಘರ್ಷ ಹಿಗ್ಗಿಸದ ಕ್ರಮವೆಂದು ಬಣ್ಣಿಸಿತು. ಮೂರು ದಿನಗಳ ತರುವಾಯ, ಇನ್ನು ಮುಂದಿನ ಯಾವುದೇ ಭಯೋತ್ಪಾದಕ ಕೃತ್ಯವನ್ನು ಯುದ್ಧದ ಕೃತ್ಯವೆಂದೇ ಪರಿಗಣಿಸಲಾಗುವುದೆಂಬ ನಿಲುವು ಸರ್ಕಾರದ ಮೂಲಗಳಿಂದ ಹೊರಬಂದಿತು. ಇದು ಬುಷ್ ಆಡಿದ ಮಾತಿನಂಥದ್ದಲ್ಲ; ಇಲ್ಲಿ ಎದುರಿಗೆ ಒಂದು ದೇಶವಿದೆ, ಗಡಿಯಿದೆ, ಕದನವಿರಾಮದ ಮಾತಾಡಬಲ್ಲ ಸೇನಾಧಿಕಾರಿಯಿದ್ದಾನೆ. ಒಂದು ದೇಶ ಕೊಲೆಗಾರರನ್ನು ಸಾಕಿ ಕಳಿಸಿದ್ದು ಸಾಬೀತಾದರೆ ಯುದ್ಧವೆಂಬ ಮಾತಿಗೆ ಅರ್ಥವಿರುತ್ತದೆ. ಆದರೆ ಸಾಬೀತಾಗಬೇಕು, ಮತ್ತು ಅದು ಆಗುವುದು ಪೊಲೀಸರ, ತನಿಖಾಧಿಕಾರಿಗಳ ಕೆಲಸದಿಂದ. ಪಹಲ್ಗಾಮ್ ಪ್ರಕರಣವೂ ರಾಷ್ಟ್ರೀಯ ತನಿಖಾ ದಳದ ಕೈಗೆ ಹೋದದ್ದು ಇದೇ ಕಾರಣಕ್ಕೆ.

ಮುಂಬೈ ದಾಳಿಯ ನಂತರ, 2009ರ ಜನವರಿಯಲ್ಲಿ, ಭಾರತ ತನ್ನ ತನಿಖೆಯ ದಾಖಲೆಗಳನ್ನು ಪಾಕಿಸ್ತಾನಕ್ಕೆ ಒಪ್ಪಿಸಿತು. ಸಂಚಿನ ಒಂದು ಭಾಗ ತಮ್ಮ ನೆಲದಲ್ಲೇ ನಡೆದಿತ್ತೆಂದು ಅಲ್ಲಿನ ಒಳಾಡಳಿತದ ಹೊಣೆ ಹೊತ್ತಿದ್ದ ರೆಹಮಾನ್ ಮಲಿಕ್ ಫೆಬ್ರವರಿಯಲ್ಲಿ ಒಪ್ಪಿಕೊಳ್ಳಬೇಕಾಯಿತು. ಆ ದಾಖಲೆಗಳ ಜೀವಾಳ ಜೀವಂತ ಸಿಕ್ಕ ಕಸಬ್‌ನ ಹೇಳಿಕೆ. ಅವನು ಜೀವಂತ ಸಿಕ್ಕಿದ್ದು, ಗಿರ್ಗಾಂವ್ ಚೌಪಾಟಿಯ ತಡೆಗಟ್ಟೆಯ ಬಳಿ ಮುಂಬೈ ಪೊಲೀಸ್ ಇಲಾಖೆಯ ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಮ್ ಓಂಬ್ಳೆ, ಕೈಯಲ್ಲಿ ಲಾಠಿ ಬಿಟ್ಟು ಬೇರೇನೂ ಇಲ್ಲದಿದ್ದರೂ, ಗುಂಡುಗಳು ಮೈಹೊಕ್ಕ ಮೇಲೂ ಅವನ ಬಂದೂಕಿನ ನಳಿಗೆಯನ್ನು ಬಿಡದೆ ಹಿಡಿದದ್ದರಿಂದ.