ಬರ್ಮಾ ತೇಗದ ಸುಂಕಕ್ಕೆ ಒಂದೂವರೆ ಶತಮಾನದ ಹಿನ್ನೆಲೆ

ಮುಂಬೈಯ ರೇ ರೋಡ್ ಕಡೆ ಬಾಗಿಲ ಚೌಕಟ್ಟಿಗೆ ಮರ ಕೊಳ್ಳಲು ಹೋಗುವ ನಮ್ಮ ಕನ್ನಡಿಗರ ಮೊದಲ ಪ್ರಶ್ನೆ, ‘ದಾಂಡೇಲಿ ಸಾಗುವಾನಿಯೋ, ಬರ್ಮಾದ್ದೋ?’ ಬರ್ಮಾದ ದರ ಕೇಳಿದ ಮೇಲೆ ಎಲ್ಲರೂ ಸುಂಕದ ತಲೆಗೇ ಗೂಬೆ ಕೂರಿಸುತ್ತಾರೆ. ನಿಜವಾದ ಜಗ್ಗಾಟ ಇರುವುದು ದಿಮ್ಮಿ ಕೊಯ್ಯುವ ಕೆಲಸ ಯಾರ ಪಾಲಿಗೆ ಅನ್ನುವುದರಲ್ಲಿ.

ಕಥೆ ಮುಂಬೈಯಿಂದಲೇ ಶುರು. 1863ರಲ್ಲಿ ಇಲ್ಲಿ ಹುಟ್ಟಿದ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಬರ್ಮಾದ ಕಾಡಿನಲ್ಲಿ ತೇಗ ಕಡಿಯುವ ಗುತ್ತಿಗೆ ಹಿಡಿದಿತ್ತು. ಲೆಕ್ಕ ಕಡಿಮೆ ತೋರಿಸಿ ರಾಜಧನ ತಪ್ಪಿಸಿದೆ ಎಂದು 1885ರಲ್ಲಿ ತೀಬಾ ದೊರೆಯ ಆಸ್ಥಾನ ಅದಕ್ಕೆ ಭಾರಿ ದಂಡ ಹಾಕಿತು. ಬ್ರಿಟಿಷರಿಗೆ ಅಷ್ಟೇ ನೆಪ ಸಾಕಾಯಿತು, ದಂಡೆತ್ತಿ ಹೋದರು. 1886ರ ಜನವರಿ 1ರಂದು ಮೇಲಣ ಬರ್ಮಾ ಅವರ ಕೈಸೇರಿತು. ಗಡಿಪಾರಾದ ದೊರೆ 1916ರಲ್ಲಿ ರತ್ನಾಗಿರಿಯಲ್ಲೇ ತೀರಿಕೊಂಡ. ತನ್ನ ಕಾಡಿನ ಮರಕ್ಕೆ ಲೆಕ್ಕ ಕೇಳಿದವನಿಗೆ ಹೀಗಾಯಿತಲ್ಲ ಎಂದು ಅಲ್ಲಿನ ತೀಬಾ ಅರಮನೆ ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಆಮೇಲೆ ಅರ್ಧ ಶತಮಾನ ಬರ್ಮಾ ಬ್ರಿಟಿಷ್ ಇಂಡಿಯಾದ ಪ್ರಾಂತ್ಯ. ರಂಗೂನಿನ ತೇಗ ಮುಂಬೈಗೆ ಒಳನಾಡಿನ ಸರಕಾಗಿಯೇ ಬರುತ್ತಿತ್ತು. 1937ರ ಏಪ್ರಿಲ್ 1ರಂದು ಬರ್ಮಾ ಬೇರೆಯಾಯಿತು, 1948ರಲ್ಲಿ ಸ್ವತಂತ್ರವಾಯಿತು. ಈಗ ಅದರ ಹೆಸರು ಮ್ಯಾನ್ಮಾರ್.

ಇನ್ನು ಇತ್ತೀಚಿನ ಲೆಕ್ಕ. ಭಾರತ ದಿಮ್ಮಿಗೆ ಶೇ 5, ಕೊಯ್ದ ಮರಕ್ಕೆ ಶೇ 10 ಮೂಲ ಸುಂಕ ಇಟ್ಟುಕೊಂಡು ಬಂದಿದೆ. 100 ರೂಪಾಯಿಯ ದಿಮ್ಮಿಗೆ 5 ರೂಪಾಯಿ ಸುಂಕ, ಆ ಸುಂಕದ ಮೇಲೆ 50 ಪೈಸೆ ಸಮಾಜ ಕಲ್ಯಾಣ ಸರ್ಚಾರ್ಜ್, ಒಟ್ಟು ಮೊತ್ತಕ್ಕೆ ಶೇ 18 ಜಿಎಸ್‌ಟಿ ಸೇರಿದರೆ ಹತ್ತಿರ ಹತ್ತಿರ 124 ರೂಪಾಯಿ 50 ಪೈಸೆ. ಕೊಯ್ದ ಮರವಾದರೆ 131. ಈ ಅಂತರದಿಂದ ಸಾಮಿಲ್ಲು ನಮ್ಮಲ್ಲಿ ಉಳಿದವು, ಕಾಂಡ್ಲಾ ಬಂದರಿನ ಸುತ್ತ ಸಾಲುಗಟ್ಟಿ ಬೆಳೆದವು. ಮ್ಯಾನ್ಮಾರ್ ಕೂಡ ಇರುವ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜತೆಗಿನ 2010ರ ಒಪ್ಪಂದ ಹಲವು ಸರಕಿನ ಸುಂಕ ಇಳಿಸುವ ದಾರಿ ತೆರೆಯಿತು.

ಆದರೆ 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿಯ ರಫ್ತನ್ನೇ ನಿಲ್ಲಿಸಿತು. ಕಾಡು ಬರಿದಾಗುತ್ತಿತ್ತು, ಕೊಯ್ಯುವ ಕೂಲಿಯೂ ತನ್ನವರಿಗೇ ಸಿಗಲಿ ಎಂಬ ಆಸೆಯಿತ್ತು. ಎರಡೂ ನ್ಯಾಯವೇ. ದಿಮ್ಮಿಯೇ ಹಡಗು ಹತ್ತದಿದ್ದರೆ ನಮ್ಮ ಶೇ 5 ಇದ್ದರೂ ಒಂದೇ, ಸೊನ್ನೆಯಾದರೂ ಒಂದೇ.

ಆ ಜಾಗಕ್ಕೆ ಈಕ್ವೆಡಾರ್, ಘಾನಾ ಕಡೆಯ ನೆಡುತೋಪಿನ ತೇಗ ಬಂತು. ಬೇಗ ಬೆಳೆಸಿ ಕಡಿದ ಮರದಲ್ಲಿ ಸುತ್ತಲಿನ ಬಿಳಿ ಭಾಗ ಹೆಚ್ಚು, ಗೆದ್ದಲು ಹಿಡಿಯುವುದು ಅಲ್ಲೇ. ಬಲ್ಲ ಬಡಗಿ ದರ ಮಾತಾಡುವ ಮೊದಲು ಹಲಗೆಯ ತುದಿ ತಿರುಗಿಸಿ ನೋಡುತ್ತಾನೆ.